ಮನೆಯ ಲೆಕ್ಕ ಮನೆಮಂದಿಗೆ ತಿಳಿದಿರಲಿ

ಗಳಿಕೆ ಸಾಲದೆ ಕೆಟ್ಟ ಸಂಸಾರಗಳು ನಮ್ಮ ಅವಳಿ ನಗರದಲ್ಲಿ ಕಡಿಮೆಯೇನೂ ಇಲ್ಲ; ಬರಗಾಲಕ್ಕೆ ಸಿಕ್ಕಿ ಹೊಲ ಬಿಟ್ಟು ಬಂದವರು, ಗಿರಣಿಯ ಬಾಗಿಲು ಮುಚ್ಚಿದಂದು ಬೀದಿಗೆ ಬಿದ್ದವರು, ದೀರ್ಘವಾದ ಬೇನೆಯೊಂದಕ್ಕೆ ಜೀವಮಾನದ ಉಳಿತಾಯವನ್ನೆಲ್ಲ ತೆತ್ತವರು ಪ್ರತಿಯೊಂದು ಓಣಿಯಲ್ಲಿಯೂ ಇದ್ದಾರೆ. ಆದರೂ ಹುಬ್ಬಳ್ಳಿಯ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಮೊದಲು ಕಾರಕೂನನಾಗಿ, ಆಮೇಲೆ ವ್ಯವಸ್ಥಾಪಕನಾಗಿ ಮೂರು ದಶಕಗಳಿಗೂ ಮೀರಿದ ಕಾಲವನ್ನು ಕಳೆದು, ಸಾಲ ಬೇಡಲು ಬಂದವರ ಮುಖವನ್ನೂ ಅದೇ ಸಾಲವನ್ನು ತೀರಿಸಲಾರದೆ ಬಂದವರ ಮುಖವನ್ನೂ ಒಂದೇ ಮೇಜಿನ ಈಚೆಯಿಂದ ನೋಡುತ್ತ ಬಂದ ನನಗೆ, ಹಣದ ವಿಷಯವಾಗಿ ಬಾಳು ಕಲಿಸಿದ ಪಾಠಗಳಲ್ಲೆಲ್ಲ ಹಿರಿದಾಗಿ ತೋರುವುದು, ಮನೆಯ ಲೆಕ್ಕವು ಮನೆಯವರಿಗೆಲ್ಲ ತೆರೆದಿರಬೇಕು ಎಂಬುದೇ. ಬಡತನದಿಂದ ಬಳಲಿದ ಮನೆ ನಾಲ್ಕು ಕೈಗಳು ಕೂಡಿದರೆ ಮತ್ತೆ ತಲೆಯೆತ್ತುವುದುಂಟು. ಮರೆಮಾಚಿದ ಲೆಕ್ಕದಿಂದ ಮುರಿದ ಮನೆ ಹಾಗೆ ತಲೆಯೆತ್ತಿದ್ದನ್ನು ನಾನು ಕಂಡದ್ದು ಅತಿ ವಿರಳ. ಅಲ್ಲಿ ಹಣದ ಜೊತೆಗೆ ಒಬ್ಬರ ಮೇಲೊಬ್ಬರಿಗಿದ್ದ ವಿಶ್ವಾಸವೂ ಹೋಗಿರುತ್ತದೆ. ಹೋದ ಹಣವನ್ನು ದುಡಿದು ತರಬಹುದು, ವಿಶ್ವಾಸವನ್ನು ತರುವ ದುಡಿಮೆ ಯಾವುದೂ ಇಲ್ಲ.

ನಮ್ಮ ಸೀಮೆಯಲ್ಲಿ ವರಾನ್ವೇಷಣೆಗೆ ಹೊರಟವರು ಹುಡುಗನ ಪಗಾರವೆಷ್ಟು, ಹೊಲ ಎಷ್ಟು ಎಕರೆ, ನವನಗರದಲ್ಲಿಯೋ ವಿದ್ಯಾಗಿರಿಯಲ್ಲಿಯೋ ಪ್ಲಾಟು ಉಂಟೆ ಎಂಬುದನ್ನೆಲ್ಲ ಸಂಕೋಚವಿಲ್ಲದೆ ವಿಚಾರಿಸುತ್ತಾರೆ. ಹುಡುಗನು ಎಲ್ಲೆಲ್ಲಿ ಸಾಲ ಮಾಡಿದ್ದಾನೆ, ಯಾರು ಯಾರಿಗೆ ಜಾಮೀನು ನಿಂತಿದ್ದಾನೆ ಎಂದು ಕೇಳಿದವರನ್ನು ನಾನು ಅರಿಯೆ. ಮದುವೆಯಾದ ಮೇಲೆ ಈ ಮೌನ ಇನ್ನೂ ಗಾಢವಾಗುತ್ತದೆ. ಮನೆಯ ಯಜಮಾನನು ಹಣದ ಚಿಂತೆಯನ್ನು ಹೆಂಡತಿ ಮಕ್ಕಳಿಗೆ ಹೇಳದಿರುವುದೇ ಗಂಡಸುತನವೆಂದೂ, ಹೇಳಿದರೆ ತನ್ನ ಮಾನಕ್ಕೆ ಕುಂದೆಂದೂ ನಂಬುತ್ತಾನೆ; ಕೇಳುವುದು ಮರ್ಯಾದೆಗೇಡೆಂದು ಹೆಂಡತಿ ಸುಮ್ಮನಿರುತ್ತಾಳೆ; ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂಬ ಸದುದ್ದೇಶದಿಂದಲೇ ಒಂದು ಅಪಾಯವನ್ನು ಮನೆಯೊಳಗೆ ಬೆಳೆಸುತ್ತಾರೆ.

ಇಂಥ ಅಪಾಯಗಳಲ್ಲಿ ಅಗ್ರಸ್ಥಾನದಲ್ಲಿರುವುದು ಜಾಮೀನು. ಸಹೋದ್ಯೋಗಿಯೊಬ್ಬ ಮಗಳ ಮದುವೆಗೆಂದೋ, ನೆರೆಯವನೊಬ್ಬ ಅಂಗಡಿಯ ಬಂಡವಾಳಕ್ಕೆಂದೋ ಸಾಲ ಎತ್ತುವಾಗ, ‘ಒಂದು ಸಹಿ ಅಷ್ಟ ರೀ’ ಎಂದು ಕೇಳುತ್ತಾನೆ. ಹಣ ಕೊಡುವುದಲ್ಲ, ಬರಿಯ ಸಹಿ ತಾನೆ ಎಂದು ಈತ ಒಪ್ಪುತ್ತಾನೆ. ಸಂಜೆ ಮನೆಗೆ ಹೋಗಿ ಹೇಳುವಷ್ಟು ದೊಡ್ಡ ಸಂಗತಿಯೆಂದು ಅವನಿಗೆ ತೋರುವುದೇ ಇಲ್ಲ. ಆದರೆ 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿಯ ಮಾತಿಲ್ಲದ ಪಕ್ಷಕ್ಕೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವ್ಯಾಪಕವಾದದ್ದು. ಸಂಘವು ಮೊದಲು ಸಾಲಗಾರನ ಮನೆಯ ಬಾಗಿಲನ್ನೇ ತಟ್ಟಬೇಕೆಂಬ ನಿಯಮವಿಲ್ಲ. ಅಸಲು, ಬಡ್ಡಿ, ದಂಡಬಡ್ಡಿಗಳ ಮೊತ್ತವನ್ನೆಲ್ಲ ನೇರವಾಗಿ ಜಾಮೀನುದಾರನಿಂದಲೇ ವಸೂಲು ಮಾಡಬಹುದು, ಒಪ್ಪಿಗೆಪತ್ರಕ್ಕೆ ಸಹಿ ಬಿದ್ದಿದ್ದರೆ ಅವನ ಪಗಾರದಿಂದಲೇ ಕಡಿಯಬಹುದು. ಸಾಲದ ಹಣ ವಿತರಣೆಯಾದ ಮೇಲೆ, ಸ್ನೇಹ ಕೆಟ್ಟಿತೆಂಬ ಕಾರಣಕ್ಕೆ ಜಾಮೀನನ್ನು ಹಿಂತೆಗೆದುಕೊಳ್ಳಲೂ ಬರುವುದಿಲ್ಲ. ಅಷ್ಟೇಕೆ, ಜಾಮೀನುದಾರ ತೀರಿಕೊಂಡರೂ ಆ ಹೊಣೆ ಅವನ ಆಸ್ತಿಯನ್ನು ಬಿಟ್ಟು ಹೋಗುವುದಿಲ್ಲ.

ಒಂದು ಮಧ್ಯಾಹ್ನ, ಹಳೆಯ ಹುಬ್ಬಳ್ಳಿಯ ಕಡೆಯ ಹೆಣ್ಣುಮಗಳೊಬ್ಬಳು, ತೀರಿಹೋದ ಗಂಡನ ಕಾಗದಪತ್ರಗಳನ್ನೆಲ್ಲ ಜವಳಿ ಅಂಗಡಿಯ ಚೀಲವೊಂದರಲ್ಲಿ ತುಂಬಿಕೊಂಡು ಬಂದು ನನ್ನ ಮೇಜಿನ ಮೇಲೆ ಸುರಿದದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ಕರೆಂಟ್ ಬಿಲ್ಲು, ದವಾಖಾನೆಯ ಚೀಟಿ, ವಿಮೆಯ ಕಂತಿನ ರಸೀತಿ, ಇವುಗಳ ನಡುವೆ ಮೂರು ಸಂಘಗಳ ನೋಟೀಸುಗಳಿದ್ದವು. ಮೂರರಲ್ಲಿಯೂ ಆಕೆಯ ಗಂಡ ಸಾಲಗಾರನಲ್ಲ, ಜಾಮೀನುದಾರ. ‘ಸಾಹೇಬ್ರ, ನಮ್ಮ ಮನಿಯವ್ರು ಎಲ್ಲೆಲ್ಲೆ ಸಹಿ ಮಾಡ್ಯಾರಂತ ನನಗೇನ್ ಗೊತ್ತ್ರಿ? ಒಂದ್ ಮಾತ್ ಹೇಳಿದ್ರ ನಾ ಏನ್ ಬ್ಯಾಡ ಅಂತಿದ್ದೆನೇನ್ರಿ?’ ಎಂದು ಆಕೆ ಕೇಳಿದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಹೇಳಲಿಲ್ಲವೆಂಬ ನೋವು ಮಾತ್ರವಿತ್ತು, ಮತ್ತು ಆ ನೋವು ಗಂಡ ಸತ್ತ ದುಃಖಕ್ಕಿಂತ ಬೇರೆಯಾದದ್ದೆಂದು ಆಕೆಯ ದನಿಯೇ ಹೇಳುತ್ತಿತ್ತು. ಆಕೆಯ ಬಳಿ ಅಂದು ನಾನು ಹೇಳಬಹುದಾಗಿದ್ದ ಸಮಾಧಾನದ ಮಾತೊಂದೇ, ಅದು ಎಲ್ಲರೂ ತಿಳಿದಿರತಕ್ಕದ್ದೂ ಹೌದು: ಸತ್ತವನ ಸಾಲಕ್ಕೆ ವಾರಸುದಾರರು ಹೊಣೆಯಾಗುವುದು ಅವನಿಂದ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ, ತಂದೆಯ ಋಣವನ್ನು ತೀರಿಸುವುದು ಮಗನ ಧರ್ಮವೆಂಬ ಹಳೆಯ ನೆಲೆಯೊಂದರ ಮೇಲೆಯೇ ಮಗನಿಂದ ವಸೂಲು ಮಾಡುವ ಹಕ್ಕನ್ನು, ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿ, ಆ ಬಳಿಕದ ಸಾಲಗಳ ಮಟ್ಟಿಗೆ ತೆಗೆದುಹಾಕಿದೆ. ವಸೂಲಿಗೆ ಬಂದವರು ಈ ಮಾತನ್ನು ತಾವಾಗಿ ಹೇಳುವುದಿಲ್ಲ.

ಆಶ್ಚರ್ಯವೆಂದರೆ, ಮನೆಯಲ್ಲಿ ಇಷ್ಟು ಮರೆಮಾಚುವ ನಾವೇ ಅಂಗಡಿಯಲ್ಲಿ ಲೆಕ್ಕವನ್ನು ದೇವರ ಸ್ಥಾನದಲ್ಲಿಟ್ಟು ಪೂಜಿಸುತ್ತೇವೆ. ನನ್ನ ಸೋದರಮಾವ ಜವಳಿಸಾಲಿನ ಅರಿವೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಕೆಂಪು ಬಟ್ಟೆಯ ರಟ್ಟಿನ, ಉದ್ದಕ್ಕೆ ಮಡಚುವ ಆ ಕಿರ್ದಿಯಲ್ಲಿ ದಿನದ ಜಮಾ ಒಂದು ಕಡೆ, ಖರ್ಚು ಒಂದು ಕಡೆ ಇಳಿದು, ಕೊನೆಯಲ್ಲಿ ಶಿಲ್ಕು ಪೆಟ್ಟಿಗೆಯೊಳಗಿನ ರೊಕ್ಕಕ್ಕೆ ತಾಳೆಯಾಗುವವರೆಗೆ ಅವರು ಗಾದಿಯನ್ನು ಬಿಟ್ಟು ಏಳುತ್ತಿರಲಿಲ್ಲ; ನಾಲ್ಕಾಣೆಯ ವ್ಯತ್ಯಾಸಕ್ಕಾಗಿ ದುರ್ಗದಬೈಲಿನ ದೀಪಗಳೆಲ್ಲ ಆರಿದ ಮೇಲೆಯೂ ಅವರು ಕುಳಿತಿದ್ದುದನ್ನು, ಊಟಕ್ಕೆ ಕರೆಯಲು ಹೋದ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಯಾರದೋ ಉದ್ರಿಯನ್ನು ನಗದೆಂದು ಬರೆದದ್ದು ಕಣ್ಣಿಗೆ ಬಿದ್ದಾಗ ಅವರು ಟಾಕನ್ನು ಕಿವಿಯ ಮೇಲಿಟ್ಟುಕೊಂಡು ನೀರು ಕುಡಿಯುತ್ತಿದ್ದರು. ಆ ಕಿರ್ದಿಯನ್ನು ಸಾವಕಾರನೂ ನೋಡಬಹುದಾಗಿತ್ತು, ಪಾಲುದಾರನೂ ನೋಡಬಹುದಾಗಿತ್ತು, ಸಾವಕಾರನ ಹದಿಹರೆಯದ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅವರೇ ಓದಿ ತೋರಿಸುತ್ತಿದ್ದರು. ದೀಪಾವಳಿಯ ಹೊತ್ತಿಗೆ ಹೊಸ ಪುಸ್ತಕಕ್ಕೆ ಅರಿಸಿನ ಕುಂಕುಮವೇರಿಸಿ, ಮೊದಲ ಹಾಳೆಯ ಮೇಲೆ ಶ್ರೀಕಾರ ಬರೆದು ಮಂಗಳಾರತಿಯಾಗುತ್ತಿತ್ತು. ಪರರ ಅಂಗಡಿಯ ಪೈಸೆ ಪೈಸೆಯನ್ನು ಹೀಗೆ ಬೆಳಕಿಗೆ ಹಿಡಿದ ಈ ಊರಿನ ಅಸಂಖ್ಯ ಲೆಕ್ಕಿಗರ ಮನೆಗಳಲ್ಲಿ, ಪಗಾರ ಎಷ್ಟು, ಸಾಲ ಎಷ್ಟು ಎಂಬುದು ಮನೆಯವರಿಗೆ ತಿಳಿಯದೆ ಹೋದದ್ದು ಏತಕ್ಕೆಂದು ನಾನು ಹಲವು ಸಲ ಯೋಚಿಸಿದ್ದೇನೆ. ನನ್ನ ಮಾವನ ಮನೆಯಲ್ಲಿ ಮಾತ್ರ ಹಾಗಿರಲಿಲ್ಲ. ತಿಂಗಳ ಕೊನೆಯ ರಾತ್ರಿ ಅತ್ತೆಯ ಮುಂದೆ ಅವರು ಮನೆಯ ಜಮಾಖರ್ಚನ್ನೂ ಅದೇ ಗಂಭೀರವಾದ ದನಿಯಲ್ಲಿ ಓದುತ್ತಿದ್ದರು.

ಈ ನಡತೆ ನಮ್ಮ ನೆಲಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮ ಆ ಹೆಚ್ಚಳವನ್ನು ಬಂದಲ್ಲಿಗೇ ಸುರಿದು ಬರಲು ಹೇಳಿದ ಕಥೆ ಕನ್ನಡಿಗರೆಲ್ಲರಿಗೂ ಗೊತ್ತು. ಅದನ್ನು ನಾವು ನಿರ್ಲೋಭಕ್ಕೆ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ, ಅದು ಸರಿಯೂ ಹೌದು. ಆದರೆ ಲೆಕ್ಕದ ಮೇಜಿನಲ್ಲಿ ಬೆಳೆದ ನನ್ನ ಕಣ್ಣಿಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ: ತಂದದ್ದು ಹೆಚ್ಚಾಯಿತೆಂದು ಆಕೆಗೆ ಹೇಗೆ ತಿಳಿಯಿತು? ದಿನಕ್ಕೆ ಮನೆಗೆ ಬರುವುದು ಎಷ್ಟು, ಬೇಕಾಗುವುದು ಎಷ್ಟು ಎಂಬುದು ಆಕೆಯ ಕೈಯಲ್ಲಿದ್ದುದರಿಂದಲೇ ತಿಳಿಯಿತು. ಗಂಡ ತಂದದ್ದನ್ನು ಮರೆಯಲ್ಲಿ ಹಗೇವಿಗೆ ಸುರಿದು ಸುಮ್ಮನಿದ್ದಿದ್ದರೆ ಲಕ್ಕಮ್ಮನ ವಿವೇಕಕ್ಕೆ ಅಲ್ಲಿ ಎಡೆಯೇ ಇರುತ್ತಿರಲಿಲ್ಲ.

ಸುಮಾರು ಏಳೂವರೆ ಶತಮಾನಗಳ ಈಚೆಗೆ ಇದೇ ಧಾರವಾಡ ಜಿಲ್ಲೆಯಲ್ಲಿ ಇದೇ ತತ್ತ್ವ ಇನ್ನೊಂದು ರೂಪದಲ್ಲಿ ಬೇರೂರಿತು. ಅಂದು ಈ ಜಿಲ್ಲೆಗೆ ಸೇರಿದ್ದು ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಂಘವು ದೇಶದಲ್ಲೇ ಆ ಬಗೆಯ ಮೊದಲನೆಯದೆಂದು ಹೆಸರು ಪಡೆದಿದೆ. ಹಿಂದಿನ ವರುಷವಷ್ಟೇ ಜಾರಿಗೆ ಬಂದಿದ್ದ 1904ರ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯೆಂಬ ನಿಯಮವಿತ್ತು. ಎಂದರೆ ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಷೇರಿನ ಮಟ್ಟಿಗಲ್ಲ, ತನ್ನ ಸರ್ವಸ್ವದ ಮಟ್ಟಿಗೆ ಬಾಧ್ಯನಾಗಬೇಕಿತ್ತು. ಜರ್ಮನಿಯ ರೈಫೈಸನ್ ಎಂಬಾತ ತನ್ನ ಹಳ್ಳಿಗಾಡಿನ ಸಂಘಗಳಲ್ಲಿ ಪ್ರಯೋಗಿಸಿದ್ದ ಈ ನಿಯಮ ಮೇಲುನೋಟಕ್ಕೆ ಕ್ರೂರವೆನಿಸಿದರೂ ಅದರ ಒಳಗುಟ್ಟು ಸರಳವಾದದ್ದು: ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆಯಾದಾಗ, ಆ ಸಾಲ ಏತಕ್ಕೆ, ಎತ್ತು ಕೊಳ್ಳಲೋ ಮದುವೆಯ ಮೆರವಣಿಗೆಗೋ ಎಂಬುದನ್ನು ಕೇಳುವ ಅಧಿಕಾರ ಎಲ್ಲರಿಗೂ ಬರುತ್ತದೆ, ಮತ್ತು ಕೇಳದಿರುವ ಸ್ವಾತಂತ್ರ್ಯ ಯಾರಿಗೂ ಉಳಿಯುವುದಿಲ್ಲ. ಒಂದೇ ಊರಿನವರು ಒಬ್ಬರ ಹೊಲವನ್ನೊಬ್ಬರು ಬಲ್ಲವರಾದ್ದರಿಂದ ಸುಳ್ಳು ಹೇಳುವುದಕ್ಕೂ ಅವಕಾಶ ಕಡಿಮೆ. ಸಾವಕಾರನ ಬಳಿ ಗುಟ್ಟಾಗಿ ನಡೆಯುತ್ತಿದ್ದ ಸಾಲವನ್ನು ಊರಿನ ಚಾವಡಿಗೆ ತಂದು ನಿಲ್ಲಿಸಿದ್ದೇ ಆ ಹಿರಿಯರ ಸಾಧನೆ. ಸಂಸಾರವೆಂಬುದೂ ಅಪರಿಮಿತ ಹೊಣೆಗಾರಿಕೆಯ ಸಂಘವೇ ತಾನೆ? ಮುಳುಗಿದರೆ ಎಲ್ಲರೂ ಮುಳುಗಬೇಕಾದಲ್ಲಿ, ಲೆಕ್ಕವನ್ನು ನೋಡುವ ಹಕ್ಕು ಮಾತ್ರ ಒಬ್ಬನಿಗೆ ಮೀಸಲಾಗಿರುವುದು ನ್ಯಾಯವಲ್ಲ.

ಗುಟ್ಟಿನ ಸಾಲದ ಬಡ್ಡಿ ಎಂದಿಗೂ ಹೆಚ್ಚು. ಈ ಊರಿನಲ್ಲಿ ಬೆಳಗ್ಗೆ ಒಂಬೈನೂರು ರೂಪಾಯಿ ಕೊಟ್ಟು ಸಂಜೆ ಸಾವಿರ ವಸೂಲು ಮಾಡುವ ವ್ಯವಹಾರವುಂಟು. ತರಕಾರಿ ಗಾಡಿಯವನಿಗೆ ಅದು ದಿನಕ್ಕೆ ನೂರಕ್ಕೆ ಹನ್ನೊಂದರ ಮೇಲಿನ ಬಡ್ಡಿಯಾಗುತ್ತದೆ. ಅದಕ್ಕಿಂತ ಸೌಮ್ಯವೆಂದು ತೋರುವ ‘ನೂರಕ್ಕೆ ಮೂರು’ ತಿಂಗಳ ಲೆಕ್ಕದ್ದು, ವರುಷಕ್ಕೆ ಮೂವತ್ತಾರು. ಒಂದು ಲಕ್ಷ ತಂದವನು ಮೂರು ವರುಷ ತುಂಬುವ ಮೊದಲೇ ಇನ್ನೊಂದು ಲಕ್ಷವನ್ನು ಬರಿಯ ಬಡ್ಡಿಯಾಗಿ ತೆತ್ತಿರುತ್ತಾನೆ, ಅಸಲು ಇದ್ದಲ್ಲಿಯೇ ಇರುತ್ತದೆ. ಈ ಗಣಿತವನ್ನು ಆರನೆಯ ಇಯತ್ತೆಯ ಮಗುವೂ ಮಾಡಬಲ್ಲದು. ಆದರೆ ಮನೆಯಲ್ಲಿ ಯಾರ ಮುಂದೆಯೂ ಹೇಳದವನಿಗೆ ಅದನ್ನು ಮಾಡಿ ತೋರಿಸುವವರು ಯಾರು? ಮೀಟರ್ ಬಡ್ಡಿಯವನಿಗೆ ನಿಜವಾದ ಬಂಡವಾಳ ಅವನ ರೊಕ್ಕವಲ್ಲ, ಸಾಲಗಾರನ ನಾಚಿಕೆ. ‘ಮನಿಗೆ ಬಂದು ನಿಲ್ತೀನಿ ನೋಡು’ ಎಂಬ ಒಂದೇ ಬೆದರಿಕೆಗೆ ಹೆದರಿ, ಒಂದು ಬಡ್ಡಿ ತೀರಿಸಲು ಇನ್ನೊಂದು ಸಾಲ ಮಾಡುತ್ತ ಹೋದವರನ್ನು ನಾನು ಬಲ್ಲೆ. ಮನೆಯವರಿಗೆ ಮೊದಲೇ ಗೊತ್ತಿದ್ದರೆ ಆ ಬೆದರಿಕೆಗೆ ಬಲವೇ ಇರುತ್ತಿರಲಿಲ್ಲ. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು ರಾಜ್ಯ ಸರಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನು ಹೊರಡಿಸಿ, ಹತ್ತು ವರುಷಗಳವರೆಗಿನ ಸೆರೆವಾಸ ಮತ್ತು ಐದು ಲಕ್ಷ ರೂಪಾಯಿಗಳವರೆಗಿನ ದಂಡವನ್ನು ವಿಧಿಸಿತು. ಅದು ಸ್ವಾಗತಾರ್ಹ. ಆದರೆ ಠಾಣೆಯ ಮೆಟ್ಟಿಲೇರುವವನು ಮೊದಲು ತನ್ನ ಮನೆಯ ಪಡಸಾಲೆಯಲ್ಲಿ ಬಾಯಿ ಬಿಡಬೇಕಾಗುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. ಎಲ್ಲ ಮನೆಗಳಲ್ಲಿಯೂ ಎಲ್ಲರ ಮುಂದೆ ಲೆಕ್ಕ ತೆರೆದಿಡುವುದು ಕ್ಷೇಮಕರವೆ? 2016ರ ನವೆಂಬರ್ 8ರ ರಾತ್ರಿ ಐದುನೂರು, ಸಾವಿರದ ನೋಟುಗಳು ರದ್ದಾದ ಮರುದಿನಗಳಲ್ಲಿ, ಹಳೆಯ ನೋಟು ಬದಲಿಸಿಕೊಡುವ ಅಧಿಕಾರ ನಮ್ಮ ಸಂಘಕ್ಕೆ ಇಲ್ಲವೆಂದು ತಿಳಿಯದೆ, ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು: ಇಳಕಲ್ ಸೀರೆಯ ಮಡಿಕೆಯೊಳಗಿಂದ, ಕಾಳಿನ ಡಬ್ಬಿಯ ತಳದಿಂದ ತೆಗೆದ, ಜೋಳದ ವಾಸನೆ ಹಿಡಿದಿದ್ದ ನೋಟುಗಳು. ‘ಮನ್ಯಾಗ ಹೇಳಬ್ಯಾಡ್ರಿ’ ಎಂದು ಅವರಲ್ಲಿ ಹಲವರು ಕೈಮುಗಿದರು. ಕುಡಿತಕ್ಕೋ ಇಸ್ಪೀಟಿಗೋ ಹೋಗದಂತೆ ಮಗಳ ಶಾಲೆಯ ಫೀಗೆಂದು ಕೂಡಿಟ್ಟ ಹಣವದು. ಅಂಥ ತಾಯಿಗೆ, ನಿನ್ನ ಗಂಟನ್ನು ಗಂಡನ ಮುಂದೆ ಬಿಚ್ಚು ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಧರ್ಮವೂ ಅಲ್ಲ. ಆತ್ಮರಕ್ಷಣೆಗಾಗಿ ಮುಚ್ಚಿಟ್ಟದ್ದಕ್ಕೂ ಅಭಿಮಾನಕ್ಕಾಗಿ ಮುಚ್ಚಿಟ್ಟದ್ದಕ್ಕೂ ಅಜಗಜಾಂತರವಿದೆ. ಆಕೆಗೆ ನಾನು ಹೇಳುವುದು ಇಷ್ಟೇ: ಡಬ್ಬಿಯಲ್ಲಿಡುವ ಬದಲು ಆಕೆಯ ಹೆಸರಿನ ಖಾತೆಯಲ್ಲಿಡಲಿ, ಮತ್ತು ಮನೆಯಲ್ಲಿ ನಂಬಿಕೆಗೆ ಅರ್ಹರಾದ ಒಬ್ಬರಿಗಾದರೂ, ಮಗಳಿಗೋ ತಂಗಿಗೋ, ಅದು ತಿಳಿದಿರಲಿ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ 2023ರಿಂದ ಮನೆಯ ಯಜಮಾನಿಯ ಖಾತೆಗೇ ಬರುತ್ತಿರುವುದರಿಂದ, ಖಾತೆಯಿಲ್ಲದ ಹೆಂಗಸರು ಈಗ ಈ ಭಾಗದಲ್ಲಿ ವಿರಳ.

ಓಣಿಯ ಹೆಂಗಸರ ಭಿಶಿಯನ್ನೂ ಇಲ್ಲಿ ನೆನೆಯಬೇಕು. ಹನ್ನೆರಡು ಮಂದಿ ತಿಂಗಳಿಗೆ ಸಾವಿರದಂತೆ ಹಾಕಿ, ಚೀಟಿ ಎತ್ತಿದವಳಿಗೆ ಹನ್ನೆರಡು ಸಾವಿರವನ್ನು ಒಟ್ಟಿಗೆ ಕೊಡುವ ಈ ಏರ್ಪಾಡಿಗೆ ಕಚೇರಿಯಿಲ್ಲ, ಮೊಹರಿಲ್ಲ. ಹಣವನ್ನು ಎಲ್ಲರ ಕಣ್ಣೆದುರು ಎಣಿಸಿ, ಎಲ್ಲರ ಕಣ್ಣೆದುರು ಕೊಡುತ್ತಾರೆ ಎಂಬುದೊಂದೇ ಅದರ ಭದ್ರತೆ. ಒಬ್ಬಳೇ ಹಣ ಹಿಡಿದುಕೊಂಡು, ‘ಮುಂದಿನ ತಿಂಗಳು ಕೊಡತೇನಿ’ ಎನ್ನತೊಡಗಿದ ಭಿಶಿಗಳು ಮಾತ್ರ ಮುಳುಗಿದ್ದನ್ನು ನಾನು ನೋಡಿದ್ದೇನೆ.

ಮುಚ್ಚಿಟ್ಟದ್ದು ಸಾಲವೇ ಆಗಬೇಕೆಂದಿಲ್ಲ. ಮುಚ್ಚಿಟ್ಟ ಉಳಿತಾಯವೂ ಮನೆಗೆ ನಷ್ಟವೇ. ಹತ್ತು ವರುಷಗಳವರೆಗೆ ಯಾರೂ ಮುಟ್ಟದೆ, ಕೇಳದೆ ಬ್ಯಾಂಕುಗಳಲ್ಲಿ ಉಳಿದ ಠೇವಣಿಗಳು ರಿಜರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ಸೇರುತ್ತವೆ. 2024ರ ಮಾರ್ಚ್ ಅಂತ್ಯಕ್ಕೆ ಹಾಗೆ ಸೇರಿದ್ದ ಮೊತ್ತ 78,213 ಕೋಟಿ ರೂಪಾಯಿ. ತಂದೆ ಇಟ್ಟದ್ದು ಮಗನಿಗೆ ತಿಳಿಯದೆ, ಗಂಡ ಇಟ್ಟದ್ದು ಹೆಂಡತಿಗೆ ತಿಳಿಯದೆ ಹೋದ ಹಣವೂ ಅದರಲ್ಲಿ ಎಷ್ಟೋ ಇರಬೇಕು. ವಾರಸುದಾರರು ಕೇಳಿದರೆ ಅದನ್ನು ಈಗಲೂ ಹಿಂದಿರುಗಿಸುತ್ತಾರೆ. ಹುಡುಕಲು ‘ಉದ್ಗಮ್’ ಎಂಬ ಜಾಲತಾಣವನ್ನೂ 2023ರಲ್ಲಿ ತೆರೆದಿದ್ದಾರೆ. ಆದರೆ ಹುಡುಕಬೇಕೆಂಬುದಾದರೂ ಗೊತ್ತಿರಬೇಕಲ್ಲವೆ? ಬ್ಯಾಂಕಿನ ಠೇವಣಿಗೆ 2025ರ ನವೆಂಬರಿನಿಂದ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಬಹುದಾಗಿದೆ. ನಾಮಿನಿಯ ಹೆಸರನ್ನು ಬರೆಸಿ ಬಂದವರು ಆ ನಾಮಿನಿಗೇ ವಿಷಯ ತಿಳಿಸದಿರುವುದನ್ನು ಕೂಡ ನಾನು ಕಂಡದ್ದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಹಣವನ್ನು ಎಲ್ಲಿಡಬೇಕೆಂಬ ನಿರ್ಧಾರವೂ ಮನೆಯವರೆಲ್ಲ ಕೂಡಿ ಆಗಬೇಕಾದದ್ದೇ. ನೂರಕ್ಕೆ ಒಂದೆರಡು ಹೆಚ್ಚಿನ ಬಡ್ಡಿಯನ್ನು ಕಂಡು, ನಿವೃತ್ತಿಯ ಹಣವನ್ನೆಲ್ಲ ಒಂದೇ ಸಂಘದಲ್ಲಿ ಮುದ್ದತ್ತಿನ ಠೇವಣಿಯಾಗಿಟ್ಟವರಿದ್ದಾರೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರಿ ಬ್ಯಾಂಕುಗಳ ಠೇವಣಿಗೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆಯುಂಟು. 2020ರ ಫೆಬ್ರವರಿಯ ಮೊದಲು ಅದು ಒಂದೇ ಲಕ್ಷವಾಗಿತ್ತು. ಆದರೆ ಪತ್ತಿನ ಸಂಘಗಳಿಗೂ ಸೌಹಾರ್ದ ಸಂಘಗಳಿಗೂ ಈ ವಿಮೆ ಅನ್ವಯಿಸುವುದಿಲ್ಲ. ಬಾಳೆಲ್ಲ ಅಂಥ ಸಂಘದ ಅನ್ನ ಉಂಡವನಾಗಿ, ಅದರ ಮೇಲೆ ಅಭಿಮಾನವಿಟ್ಟವನಾಗಿ ನಾನು ಇದನ್ನು ಹೇಳುತ್ತಿದ್ದೇನೆ: ಸಂಘದಲ್ಲಿ ಹಣವಿಡಿ, ಆದರೆ ಅದರ ಆಢಾವೆ ಪತ್ರಿಕೆಯನ್ನು ಕೇಳಿ ಓದಿ, ಕಟಬಾಕಿ ಎಷ್ಟಿದೆಯೆಂದು ನೋಡಿ, ಎಲ್ಲವನ್ನೂ ಒಂದೆಡೆ ಇಡಬೇಡಿ.

ತರುಣರ ಗುಟ್ಟು ಈಗ ಮೊಬೈಲಿನಲ್ಲಿದೆ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ತೊಡಗಿದ ವೈಯಕ್ತಿಕ ವ್ಯವಹಾರಸ್ಥರ ಪೈಕಿ ನೂರಕ್ಕೆ ತೊಂಬತ್ತಮೂರು ಮಂದಿ ಹಣ ಕಳೆದುಕೊಂಡರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತೆಂದೂ ಸೆಬಿಯ ಅಧ್ಯಯನ ತಿಳಿಸುತ್ತದೆ. ಆ ತರುಣರಲ್ಲಿ ತಂದೆತಾಯಿಗಳಿಗೆ ಹೇಳಿ ತೊಡಗಿದವರು ಹೆಚ್ಚು ಮಂದಿ ಇರಲಾರರು. ಆದರೆ ತನ್ನ ಲೆಕ್ಕವನ್ನು ಮಗನಿಗೆ ಎಂದೂ ತೋರಿಸದ ತಂದೆ, ಮಗ ತನ್ನ ಲೆಕ್ಕವನ್ನು ತೋರಿಸಲಿಲ್ಲವೆಂದು ಹೇಗೆ ದೂರುವನು? ಹತ್ತು ಹನ್ನೆರಡು ವರುಷದ ಮಕ್ಕಳಿಂದಲೇ ತಿಂಗಳ ಕಿರಾಣಿಯ ಯಾದಿಯನ್ನೂ ಕಂತುಗಳ ಲೆಕ್ಕವನ್ನೂ ಬರೆಯಿಸಿದ ಮನೆಗಳಲ್ಲಿ ಮಕ್ಕಳು ಹೆದರಿಕೊಂಡದ್ದನ್ನು ನಾನು ಕಾಣೆ. ತಮ್ಮನ್ನೂ ಎಣಿಕೆಗೆ ತೆಗೆದುಕೊಂಡರೆಂಬ ಗೌರವದಿಂದ ಅವು ಮರುತಿಂಗಳು ತಾವಾಗಿಯೇ ಪಟ್ಟಿಯಲ್ಲಿ ಒಂದೆರಡನ್ನು ಹೊಡೆದುಹಾಕುತ್ತವೆ.

ಮನೆಮನೆಯ ಅಭ್ಯಾಸ ಬದಲಾಗುವವರೆಗೆ ಕಾಯಬೇಕಾಗಿಲ್ಲ. ನಮ್ಮ ಸಹಕಾರಿ ಸಂಘಗಳೇ ಒಂದು ಹೆಜ್ಜೆ ಇಡಬಹುದು. ಜಾಮೀನು ನಿಲ್ಲುವವನು ವಿವಾಹಿತನಾಗಿದ್ದರೆ, ಸಹಿಯ ದಿನ ಅವನ ಹೆಂಡತಿಯನ್ನೂ, ಜಾಮೀನುದಾರಳು ಹೆಂಗಸಾಗಿದ್ದರೆ ಆಕೆಯ ಗಂಡನನ್ನೂ ಕರೆಯಿಸಿ, ಸಾಲದ ಮೊತ್ತ, ಬಡ್ಡಿ, ಸುಸ್ತಿಯಾದರೆ ಆಗುವ ಪರಿಣಾಮ, ಇವನ್ನು ಕನ್ನಡದಲ್ಲಿ ಒಂದೇ ಹಾಳೆಯ ಮೇಲೆ ಬರೆದು ಓದಿ ಹೇಳಿ, ತಿಳಿಯಿತೆಂದು ಒಂದು ರುಜು ಹಾಕಿಸಿಕೊಳ್ಳಲಿ. ವರುಷಕ್ಕೊಮ್ಮೆ ಪ್ರತಿಯೊಬ್ಬ ಜಾಮೀನುದಾರನ ಮನೆಯ ವಿಳಾಸಕ್ಕೆ, ನೀವು ಹೊಣೆ ಹೊತ್ತ ಸಾಲದ ಬಾಕಿ ಇಷ್ಟು ಎಂಬ ಪತ್ರ ಹೋಗಲಿ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ, ಆಡಳಿತ ಮಂಡಳಿಯ ಒಂದು ಠರಾವು ಸಾಕು. ಅಂಚೆಯ ಖರ್ಚು ಒಂದು ಮೊಕದ್ದಮೆಯ ಖರ್ಚಿನ ಮುಂದೆ ಏನೂ ಅಲ್ಲ. ಧಾರವಾಡ ಜಿಲ್ಲೆಯ ಸಂಘಗಳ ಸದಸ್ಯರಾದ ಓದುಗರು ಈ ವರುಷದ ಸರ್ವಸಾಧಾರಣ ಸಭೆಗೆ ಹೋದಾಗ ಲಾಭಾಂಶದ ಪ್ರಮಾಣವನ್ನು ಕೇಳುವ ಮೊದಲು ಈ ಠರಾವನ್ನು ಮಂಡಿಸಬೇಕೆಂದು ನಾನು ಪ್ರಾರ್ಥಿಸುತ್ತೇನೆ.